ಹಾರ್ಮೋನ್ ಗರ್ಭನಿರೋಧಕಗಳು ಮತ್ತು ರಕ್ತದೊತ್ತಡ

ಬಸಿರನ್ನು ತಡೆಯಲು ಇಲ್ಲವೇ ಮುಂದೂಡಲು ಹೆಂಗಸರು ಬಳಸುವ ಮಾತ್ರೆ, ಚುಚ್ಚುಮದ್ದು, ತೊಗಲಿನಡಿಯ ಕಡ್ಡಿ ಮೊದಲಾದವುಗಳಲ್ಲಿ ಸ್ತ್ರೀ ಹಾರ್ಮೋನುಗಳನ್ನು ಹೋಲುವ ರಾಸಾಯನಿಕಗಳಿವೆ. ಇವು ಅಂಡಾಶಯ, ಗರ್ಭಕೋಶಗಳ ಮೇಲಷ್ಟೇ ಕೆಲಸ ಮಾಡಿ ಸುಮ್ಮನಾಗುವುದಿಲ್ಲ. ಯಕೃತ್ತು, ಮೂತ್ರಪಿಂಡ ಮತ್ತು ರಕ್ತನಾಳಗಳನ್ನೂ ಮುಟ್ಟುತ್ತವೆ, ಆ ಮೂಲಕ ರಕ್ತದೊತ್ತಡವನ್ನು ಬದಲಿಸಬಲ್ಲವು. ಈಸ್ಟ್ರೋಜನ್ ಇರುವ ಜೋಡಿ ಮಾತ್ರೆಗಳಿಂದ ಬಹುಪಾಲು ಹೆಂಗಸರ ಒತ್ತಡ ಕೆಲವೇ ಅಂಕಗಳಷ್ಟು ಏರುತ್ತದೆ, ಅದರಿಂದ ತೊಂದರೆಯಾಗುವುದಿಲ್ಲ. ಕೆಲವರಲ್ಲಿ ಮಾತ್ರ ಅದು ಚಿಕಿತ್ಸೆ ಬೇಕಾಗುವ ಮಟ್ಟಕ್ಕೆ ಹೋಗುತ್ತದೆ. ಆ ಕೆಲವರು ಯಾರೆಂದು ಮುಖ ನೋಡಿ, ನಾಡಿ ಹಿಡಿದು ಹೇಳಲು ಬರುವುದಿಲ್ಲ. ತೋಳಿಗೆ ಪಟ್ಟಿ ಕಟ್ಟಿ ಅಳೆಯುವುದೊಂದೇ ದಾರಿ. ಈ ವಿಷಯದ ವೈದ್ಯಕೀಯ ತಿರುಳೂ ಸಾರ್ವಜನಿಕ ಆರೋಗ್ಯದ ತಿರುಳೂ ಇದರಲ್ಲೇ ಅಡಗಿವೆ.

ಗರ್ಭನಿರೋಧಕಗಳ ಬಗೆಗಳು

ಹಾರ್ಮೋನ್ ಗರ್ಭನಿರೋಧಕಗಳಲ್ಲಿ ಎರಡು ಮುಖ್ಯ ಗುಂಪುಗಳಿವೆ. ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ (ಪ್ರೊಜೆಸ್ಟರಾನ್ ಹಾರ್ಮೋನನ್ನು ಹೋಲುವ ರಾಸಾಯನಿಕ) ಎರಡೂ ಇರುವ ಜೋಡಿ ವಿಧಾನಗಳು ಮೊದಲನೆಯವು. ನಿತ್ಯ ನುಂಗುವ ಮಾತ್ರೆ, ತೊಗಲಿಗೆ ಅಂಟಿಸುವ ಪಟ್ಟಿ, ಯೋನಿಯೊಳಗಿಡುವ ಉಂಗುರ ಈ ಗುಂಪಿಗೆ ಸೇರುತ್ತವೆ. ಪ್ರೊಜೆಸ್ಟಿನ್ ಮಾತ್ರವೇ ಇರುವ ವಿಧಾನಗಳು ಎರಡನೆಯವು: ಪ್ರೊಜೆಸ್ಟಿನ್ ಮಾತ್ರೆ, ಮೂರು ತಿಂಗಳಿಗೊಮ್ಮೆ ಕೊಡುವ ಚುಚ್ಚುಮದ್ದು, ತೋಳಿನ ತೊಗಲಿನಡಿ ಇಡುವ ಕಡ್ಡಿ, ಗರ್ಭಕೋಶದೊಳಗಿಟ್ಟು ಹಾರ್ಮೋನ್ ಸೂಸುವ ವಂಕಿ.

ಭಾರತದ ಸರ್ಕಾರಿ ಕುಟುಂಬ ಯೋಜನೆ ಕಾರ್ಯಕ್ರಮದಲ್ಲಿ ಮಾಲಾ-ಎನ್ ಎಂಬ ಜೋಡಿ ಮಾತ್ರೆ ಉಚಿತವಾಗಿ ದೊರೆಯುತ್ತದೆ. ಅದೇ ಸಂಯೋಜನೆಯ ಮಾಲಾ-ಡಿ ಕಡಿಮೆ ಬೆಲೆಗೆ ಅಂಗಡಿಯಲ್ಲಿ ಸಿಗುತ್ತದೆ. ಇವುಗಳ ಒಂದೊಂದು ಹಾರ್ಮೋನ್ ಮಾತ್ರೆಯಲ್ಲೂ ಎಥಿನೈಲ್ ಎಸ್ಟ್ರಡಿಯಾಲ್ ಎಂಬ ಈಸ್ಟ್ರೋಜನ್ 30 ಮೈಕ್ರೋಗ್ರಾಂ ಮತ್ತು ಲೆವೊನಾರ್ಜೆಸ್ಟ್ರೆಲ್ ಎಂಬ ಪ್ರೊಜೆಸ್ಟಿನ್ 150 ಮೈಕ್ರೋಗ್ರಾಂ ಇರುತ್ತವೆ. ಮಾತ್ರೆಗಳ ಒಂದು ಪಟ್ಟಿಯಲ್ಲಿ ಇಂತಹ 21 ಮಾತ್ರೆಗಳು, ಜೊತೆಗೆ ಕಬ್ಬಿಣಾಂಶದ 7 ಮಾತ್ರೆಗಳು. ಮೂರು ತಿಂಗಳಿಗೊಮ್ಮೆ 150 ಮಿಲಿಗ್ರಾಂ ಕೊಡುವ ಮೆಡ್ರಾಕ್ಸಿಪ್ರೊಜೆಸ್ಟರಾನ್ ಚುಚ್ಚುಮದ್ದಿಗೆ ಕಾರ್ಯಕ್ರಮದಲ್ಲಿ ‘ಅಂತರಾ’ ಎಂದು ಹೆಸರು. ವಾರಕ್ಕೊಮ್ಮೆಯ ಮಾತ್ರೆ ‘ಛಾಯಾ’ದಲ್ಲಿರುವುದು ಸೆಂಟ್‌ಕ್ರೊಮಾನ್. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ರೂಪಿಸಿದ ಈ ಮದ್ದು ಸ್ಟಿರಾಯ್ಡ್ ಹಾರ್ಮೋನ್ ಅಲ್ಲ. ಅದು 1990ರ ದಶಕದ ಆರಂಭದಿಂದ ‘ಸಹೇಲಿ’ ಎಂಬ ಹೆಸರಿನಲ್ಲಿ ಮಾರಾಟದಲ್ಲಿದೆ. ತಾಮ್ರದ ತಂತಿ ಸುತ್ತಿದ ಕಾಪರ್-ಟಿಯಲ್ಲೂ ಯಾವ ಹಾರ್ಮೋನೂ ಇಲ್ಲ. ನಮ್ಮ ಹಳ್ಳಿಗಳಲ್ಲಿ ‘ವಂಕಿ ಹಾಕಿಸಿಕೊಂಡಿದ್ದೀನಿ’ ಎಂದು ಹೆಂಗಸರು ಹೇಳುವುದು ಸಾಮಾನ್ಯವಾಗಿ ಈ ಕಾಪರ್-ಟಿಯನ್ನೇ.

ಇತಿಹಾಸ

ಬಾಯಿಂದ ಸೇವಿಸಿದರೂ ಶಕ್ತಿ ಕಳೆದುಕೊಳ್ಳದ ಪ್ರೊಜೆಸ್ಟಿನ್ ಆದ ನಾರೆಥಿಸ್ಟೆರಾನ್ 1951ರಲ್ಲಿ ಮೆಕ್ಸಿಕೊದಲ್ಲಿ ತಯಾರಾಯಿತು. ಕಾರ್ಲ್ ಜೆರಾಸಿ ಅವರ ತಂಡದಲ್ಲಿ ಅದನ್ನು ಸಿದ್ಧಪಡಿಸಿದವರು ಲೂಯಿಸ್ ಮಿರಾಮೊಂಟೆಸ್. ಗ್ರೆಗರಿ ಪಿಂಕಸ್ ಮತ್ತು ಜಾನ್ ರಾಕ್ ನಡೆಸಿದ ಪ್ರಯೋಗಗಳ ಬಳಿಕ 1960ರಲ್ಲಿ ಅಮೆರಿಕ ‘ಎನೊವಿಡ್’ ಮಾತ್ರೆಯನ್ನು ಗರ್ಭನಿರೋಧಕವಾಗಿ ಒಪ್ಪಿಕೊಂಡಿತು. ಆ ಮಾತ್ರೆಯಲ್ಲಿ ಮೆಸ್ಟ್ರನಾಲ್ ಎಂಬ ಈಸ್ಟ್ರೋಜನ್ 150 ಮೈಕ್ರೋಗ್ರಾಂ ಇತ್ತು. ಇಂದಿನ ಮಾತ್ರೆಗಳಲ್ಲಿ ಈಸ್ಟ್ರೋಜನ್ ಸಾಮಾನ್ಯವಾಗಿ 20ರಿಂದ 35 ಮೈಕ್ರೋಗ್ರಾಂ. ಮಾತ್ರೆ ನುಂಗುವ ಕೆಲವರಲ್ಲಿ ರಕ್ತದೊತ್ತಡ ಏರಿ, ನಿಲ್ಲಿಸಿದಾಗ ಇಳಿಯುವುದು 1960ರ ದಶಕದಲ್ಲೇ ವೈದ್ಯರ ಕಣ್ಣಿಗೆ ಬಿತ್ತು. 1967ರಲ್ಲಿ ಜಾನ್ ಲಾರಾ ಮತ್ತು ಸಂಗಡಿಗರು ಈ ಏರಿಕೆಗೂ ಮೂತ್ರಪಿಂಡದ ರೆನಿನ್ ವ್ಯವಸ್ಥೆಗೂ ನಂಟಿದೆ ಎಂದು ತೋರಿಸಿದರು. ಮುಂದಿನ ದಶಕಗಳಲ್ಲಿ ಈಸ್ಟ್ರೋಜನ್ ಪ್ರಮಾಣವನ್ನು ಇಳಿಸುತ್ತ ಬಂದದ್ದರ ಹಿಂದೆ ಇಂತಹ ಅರಿವೂ, ರಕ್ತ ಹೆಪ್ಪುಗಟ್ಟುವ ಅಪಾಯದ ಅರಿವೂ ಇದ್ದವು.

ಕನ್ನಡ ನಾಡಿನ ಮಟ್ಟಿಗೆ ಗರ್ಭನಿರೋಧದ ಕಥೆ ಮಾತ್ರೆಗಿಂತ ಹಳೆಯದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, 1930ರಲ್ಲಿ ಮೈಸೂರು ಸರ್ಕಾರ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಆದೇಶ ಹೊರಡಿಸಿತು. ಸರ್ಕಾರವೊಂದು ತಾನೇ ಮುಂದಾಗಿ ಇಂತಹ ಚಿಕಿತ್ಸಾಲಯ ತೆರೆದದ್ದು ಜಗತ್ತಿನಲ್ಲೇ ಮೊದಲ ಪ್ರಯತ್ನಗಳಲ್ಲಿ ಒಂದು. ಈ ಬರಹದಲ್ಲಿ ಮುಂದೆ ಬರುವ ಮದ್ದೂರು, ಮಳವಳ್ಳಿ ತಾಲ್ಲೂಕುಗಳು ಆಗ ಮೈಸೂರು ಜಿಲ್ಲೆಗೆ ಸೇರಿದ್ದವು. ಮಂಡ್ಯ ಜಿಲ್ಲೆ ರೂಪುಗೊಂಡದ್ದು 1939ರಲ್ಲಿ. ಭಾರತ ಸರ್ಕಾರ 1952ರಲ್ಲಿ ರಾಷ್ಟ್ರೀಯ ಕುಟುಂಬ ಯೋಜನೆ ಆರಂಭಿಸುವ ಹೊತ್ತಿಗೆ, ಮದ್ದೂರಿನಿಂದ ಬೆಂಗಳೂರಿನ ದಿಕ್ಕಿಗೆ ಚನ್ನಪಟ್ಟಣದಾಚೆ ಇರುವ ರಾಮನಗರದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನ ಪ್ರಯೋಗವೊಂದು ನಡೆಯುತ್ತಿತ್ತು. ಮುಟ್ಟಿನ ದಿನಗಳನ್ನು ಎಣಿಸಿ ಬಸಿರು ತಪ್ಪಿಸುವ ವಿಧಾನವನ್ನು ಹಳ್ಳಿಯ ದಂಪತಿಗಳಿಗೆ ಕಲಿಸುವ ಪ್ರಯೋಗ ಅದು. ದಿನ ಎಣಿಸುವ ಆ ವಿಧಾನ ಹೆಚ್ಚಿನ ಫಲ ಕೊಡಲಿಲ್ಲ. ಸುಲಭವೂ ನಂಬಿಗಸ್ತವೂ ಆದ ವಿಧಾನ ಬೇಕೆಂಬ ಒತ್ತಾಸೆ ಉಳಿಯಿತು. ಮಾತ್ರೆಯೂ ವಂಕಿಯೂ ಬಂದದ್ದು ಆ ತೆರಪಿಗೆ.

ರಕ್ತದೊತ್ತಡ ನಿಲ್ಲುವ ಬಗೆ

ಹೃದಯ ನಿಮಿಷಕ್ಕೆ ಎಷ್ಟು ರಕ್ತ ತಳ್ಳುತ್ತದೆ, ಸಣ್ಣ ರಕ್ತನಾಳಗಳು ಅದಕ್ಕೆ ಎಷ್ಟು ಅಡ್ಡಿ ಒಡ್ಡುತ್ತವೆ ಎಂಬ ಎರಡು ಸಂಗತಿಗಳು ರಕ್ತದೊತ್ತಡವನ್ನು ನಿರ್ಧರಿಸುತ್ತವೆ. ಕುಳಿತವರು ಥಟ್ಟನೆ ಎದ್ದಾಗ ಒತ್ತಡ ಕುಸಿಯದಂತೆ ಕತ್ತಿನ ಮತ್ತು ಎದೆಯ ದೊಡ್ಡ ನಾಳಗಳಲ್ಲಿರುವ ನರತುದಿಗಳು ಕ್ಷಣಾರ್ಧದಲ್ಲಿ ಸರಿಪಡಿಸುತ್ತವೆ. ದಿನ, ವಾರ, ತಿಂಗಳುಗಳ ಲೆಕ್ಕದ ನಿಯಂತ್ರಣ ಮೂತ್ರಪಿಂಡಗಳದು. ಮೈಯಲ್ಲಿ ಎಷ್ಟು ಉಪ್ಪು, ಎಷ್ಟು ನೀರು ಉಳಿಯಬೇಕೆಂದು ತೀರ್ಮಾನಿಸುವುದು ಅವೇ.

ಈ ದೀರ್ಘ ನಿಯಂತ್ರಣದ ಬೆನ್ನೆಲುಬು ರೆನಿನ್, ಆಂಜಿಯೊಟೆನ್ಸಿನ್, ಆಲ್ಡೊಸ್ಟಿರಾನ್‌ಗಳ ಸರಪಳಿ. ಯಕೃತ್ತು ಆಂಜಿಯೊಟೆನ್ಸಿನೊಜೆನ್ ಎಂಬ ಪ್ರೋಟೀನನ್ನು ತಯಾರಿಸಿ ಸದಾ ರಕ್ತಕ್ಕೆ ಬಿಡುತ್ತಿರುತ್ತದೆ. ತಾನಾಗಿ ಅದು ಏನೂ ಮಾಡದು. ರಕ್ತದೊತ್ತಡ ಇಳಿದಾಗ ಅಥವಾ ಉಪ್ಪು ಕಡಿಮೆಯಾದಾಗ ಮೂತ್ರಪಿಂಡ ರೆನಿನ್ ಕಿಣ್ವವನ್ನು ಸುರಿಸುತ್ತದೆ. ರೆನಿನ್ ಆ ಪ್ರೋಟೀನಿನ ತುದಿಯನ್ನು ಕತ್ತರಿಸಿ ಆಂಜಿಯೊಟೆನ್ಸಿನ್-1 ಎಂಬ ಸಣ್ಣ ತುಣುಕನ್ನು ಬೇರ್ಪಡಿಸುತ್ತದೆ. ರಕ್ತನಾಳಗಳ ಒಳಪದರದಲ್ಲಿ, ಮುಖ್ಯವಾಗಿ ಶ್ವಾಸಕೋಶದಲ್ಲಿ, ಇರುವ ಇನ್ನೊಂದು ಕಿಣ್ವ ಅದನ್ನು ಆಂಜಿಯೊಟೆನ್ಸಿನ್-2 ಆಗಿ ಮಾರ್ಪಡಿಸುತ್ತದೆ. ಸರಪಳಿಯ ನಿಜವಾದ ಬಲ ಇರುವುದು ಈ ಎರಡನೆಯದರಲ್ಲಿ. ಅದು ರಕ್ತನಾಳಗಳನ್ನು ಬಿಗಿ ಮಾಡುತ್ತದೆ, ಬಾಯಾರಿಕೆ ಹುಟ್ಟಿಸುತ್ತದೆ, ಅಡ್ರಿನಲ್ ಗ್ರಂಥಿಯಿಂದ ಆಲ್ಡೊಸ್ಟಿರಾನ್ ಹೊರಡಿಸುತ್ತದೆ. ಆಲ್ಡೊಸ್ಟಿರಾನ್ ಉಪ್ಪನ್ನು ಮೂತ್ರದಲ್ಲಿ ಹೋಗಗೊಡದೆ ಹಿಡಿದಿಡುತ್ತದೆ. ಒತ್ತಡ ಸರಿಹೋದ ಮೇಲೆ ರೆನಿನ್ ಕಡಿಮೆಯಾಗಿ ಸರಪಳಿ ತಾನೇ ಸಡಿಲಗೊಳ್ಳಬೇಕು. ಕಬ್ಬಿನ ಗದ್ದೆಗೆ ಸಾಕಷ್ಟು ನೀರು ಹರಿದ ಮೇಲೆ ತೂಬು ಮುಚ್ಚುವ ಹಾಗೆ.

ಮಾತ್ರೆ ಕೈಯಿಡುವ ಜಾಗ

ಇಲ್ಲೊಂದು ಒಗಟಿದೆ. ಹರೆಯದ ಹೆಂಗಸರ ರಕ್ತದೊತ್ತಡ ಅದೇ ವಯಸ್ಸಿನ ಗಂಡಸರಿಗಿಂತ ಸಾಮಾನ್ಯವಾಗಿ ಕಡಿಮೆ ಇರುತ್ತದೆ. ಅಂಡಾಶಯ ತಯಾರಿಸುವ ಎಸ್ಟ್ರಡಿಯಾಲ್ ಎಂಬ ಈಸ್ಟ್ರೋಜನ್ ರಕ್ತನಾಳದ ಒಳಪದರದಲ್ಲಿ ನೈಟ್ರಿಕ್ ಆಕ್ಸೈಡ್ ಹೆಚ್ಚಿಸಿ ನಾಳಗಳನ್ನು ಸಡಿಲಗೊಳಿಸುತ್ತದೆ. ಮೈಯ ಸ್ವಂತ ಪ್ರೊಜೆಸ್ಟರಾನ್ ಆಲ್ಡೊಸ್ಟಿರಾನಿಗೆ ಅಡ್ಡ ನಿಂತು ಒಂದಷ್ಟು ಉಪ್ಪನ್ನು ಹೊರಹಾಕಿಸುತ್ತದೆ. ಸ್ವಂತ ಹಾರ್ಮೋನು ಕಾಪಾಡುವಾಗ ಮಾತ್ರೆಯ ಹಾರ್ಮೋನು ಒತ್ತಡ ಏರಿಸುವುದೇಕೆ?

ಉತ್ತರ ಯಕೃತ್ತಿನಲ್ಲಿದೆ. ಬಾಯಿಂದ ಸೇವಿಸಿದ ಮದ್ದನ್ನು ಕರುಳು ಹೀರಿಕೊಂಡ ಮೇಲೆ ಅದು ಮೊದಲು ಯಕೃತ್ತಿಗೇ ಬರುತ್ತದೆ. ಸಹಜ ಎಸ್ಟ್ರಡಿಯಾಲ್ ಅಲ್ಲಿ ಬೇಗ ಒಡೆದುಹೋಗುತ್ತದೆ. ಹಾಗಾಗಬಾರದೆಂದೇ ರಸಾಯನಶಾಸ್ತ್ರಜ್ಞರು ಅದಕ್ಕೆ ಎಥಿನೈಲ್ ಎಂಬ ಬಾಲವೊಂದನ್ನು ಜೋಡಿಸಿದರು. ಹೀಗೆ ಹುಟ್ಟಿದ ಎಥಿನೈಲ್ ಎಸ್ಟ್ರಡಿಯಾಲ್ ಯಕೃತ್ತಿನಲ್ಲಿ ಸುಲಭವಾಗಿ ಸವೆಯದು. ಸವೆಯದೆ ಉಳಿದಷ್ಟು ಹೊತ್ತೂ ಯಕೃತ್ತಿನ ಜೀವಕೋಶಗಳನ್ನು ಚುರುಕುಗೊಳಿಸುತ್ತಲೇ ಇರುತ್ತದೆ. ಆ ಚುರುಕಿಗೆ ಆಂಜಿಯೊಟೆನ್ಸಿನೊಜೆನ್ ತಯಾರಿಕೆ ಹಲವು ಪಟ್ಟು ಏರುತ್ತದೆ. ರಕ್ತ ಹೆಪ್ಪುಗಟ್ಟಿಸುವ ಕೆಲವು ಪ್ರೋಟೀನುಗಳ ತಯಾರಿಕೆಯೂ ಹೆಚ್ಚುತ್ತದೆ. ಮಾತ್ರೆಯ ಎರಡು ದೊಡ್ಡ ಅಡ್ಡಪರಿಣಾಮಗಳ ಬೇರು ಒಂದೇ ಜಾಗದಲ್ಲಿದೆ ಎಂಬುದು ಗಮನಿಸಬೇಕಾದ ಮಾತು.

ಸರಪಳಿಯ ಮೊದಲ ಕೊಂಡಿ ಹೆಚ್ಚಾದಾಗ ಆಂಜಿಯೊಟೆನ್ಸಿನ್-2 ಕೂಡ ಹೆಚ್ಚುತ್ತದೆ. ಬಹುಪಾಲು ಹೆಂಗಸರಲ್ಲಿ ಮೂತ್ರಪಿಂಡ ಇದನ್ನು ಗ್ರಹಿಸಿ ರೆನಿನನ್ನು ತಗ್ಗಿಸುತ್ತದೆ, ಲೆಕ್ಕ ಹೆಚ್ಚುಕಡಿಮೆ ಸರಿದೂಗುತ್ತದೆ. ಹಾಗಾಗಿ ಅವರ ಒತ್ತಡ ಕೆಲವೇ ಅಂಕ ಏರಿ ನಿಲ್ಲುತ್ತದೆ. ಈ ಸರಿದೂಗಿಸುವಿಕೆ ಸಾಲದೆ ಹೋದವರಲ್ಲಿ ಉಪ್ಪುನೀರು ನಿಂತು, ನಾಳಗಳು ಬಿಗಿದು ಒತ್ತಡ ಏರುತ್ತ ಹೋಗುತ್ತದೆ. ಮಾತ್ರೆ ಎಲ್ಲರಿಗೂ ಒಂದೇ ಆದರೂ ಫಲ ಬೇರೆಯಾಗುವುದು ಈ ಕಾರಣಕ್ಕೆ.

ತೊಗಲಿಗೆ ಅಂಟಿಸುವ ಪಟ್ಟಿ ಅಥವಾ ಯೋನಿಯ ಉಂಗುರ ಬಳಸಿದರೆ ಮದ್ದು ಮೊದಲು ಯಕೃತ್ತಿಗೆ ಹೋಗುವುದಿಲ್ಲ ನಿಜ. ಆದರೆ ಎಥಿನೈಲ್ ಎಸ್ಟ್ರಡಿಯಾಲ್ ಸವೆಯದೆ ರಕ್ತದಲ್ಲಿ ಸುತ್ತುತ್ತ ಮತ್ತೆ ಮತ್ತೆ ಯಕೃತ್ತನ್ನು ಮುಟ್ಟುತ್ತದೆ. ಹಾಗಾಗಿ ದಾರಿ ಬದಲಿಸಿದ ಮಾತ್ರಕ್ಕೆ ಈ ಪರಿಣಾಮ ತಪ್ಪುವುದಿಲ್ಲ. ಮುಟ್ಟು ನಿಂತ ಹೆಂಗಸರಿಗೆ ಕೊಡುವ ಪಟ್ಟಿಗಳ ಸಂಗತಿ ಬೇರೆ. ಅವುಗಳಲ್ಲಿರುವುದು ಸಹಜ ಎಸ್ಟ್ರಡಿಯಾಲ್, ಅದು ಯಕೃತ್ತನ್ನು ಅಷ್ಟಾಗಿ ಕೆರಳಿಸದು.

ಏರಿಕೆ ಎಷ್ಟು, ಯಾರಲ್ಲಿ

ಹಿಂದಿನ ಹೆಚ್ಚು ಪ್ರಮಾಣದ ಮಾತ್ರೆಗಳಿಂದ ಬಳಕೆದಾರರಲ್ಲಿ ಶೇ. 5ರ ಆಸುಪಾಸಿನವರಿಗೆ ಅಧಿಕ ರಕ್ತದೊತ್ತಡ ಬರುತ್ತಿತ್ತು ಎಂಬುದು ಪಠ್ಯಗಳಲ್ಲಿ ನೆಲೆಯೂರಿದ ಅಂದಾಜು. ಕಡಿಮೆ ಪ್ರಮಾಣದ ಮಾತ್ರೆಗಳ ಬಗ್ಗೆ ಹೆಚ್ಚಾಗಿ ಉಲ್ಲೇಖಗೊಳ್ಳುವುದು ಅಮೆರಿಕದ ದಾದಿಯರ ಎರಡನೆಯ ಆರೋಗ್ಯ ಅಧ್ಯಯನ. 25ರಿಂದ 42 ವರ್ಷದ ಸುಮಾರು 68,000 ದಾದಿಯರನ್ನು ನಾಲ್ಕು ವರ್ಷ ಹಿಂಬಾಲಿಸಿದ ಈ ಅಧ್ಯಯನದ ಫಲಿತಾಂಶ 1996ರಲ್ಲಿ ಹೊರಬಂತು. ಮಾತ್ರೆಯನ್ನು ಎಂದೂ ಬಳಸದವರಿಗೆ ಹೋಲಿಸಿದರೆ, ಬಳಸುತ್ತಿರುವವರಲ್ಲಿ ಅಧಿಕ ರಕ್ತದೊತ್ತಡದ ಸಾಧ್ಯತೆ 1.8 ಪಟ್ಟು ಇತ್ತು. ಹತ್ತು ಸಾವಿರ ಮಂದಿ ಒಂದು ವರ್ಷ ಬಳಸಿದರೆ ಮಾತ್ರೆಯ ಲೆಕ್ಕಕ್ಕೆ ಸೇರುವ ಹೊಸ ಪ್ರಕರಣಗಳು ಸುಮಾರು 41. ನಿಲ್ಲಿಸಿದವರಲ್ಲಿ ಈ ಹೆಚ್ಚಳ ಬೇಗನೆ ಕುಗ್ಗಿತು.

ಈ ಅಂಕಿಗಳನ್ನು ಎರಡು ಕಡೆಯಿಂದ ಓದಬೇಕು. ಒಬ್ಬ ಆರೋಗ್ಯವಂತ ಹುಡುಗಿಯ ಕಡೆಯಿಂದ ನೋಡಿದರೆ ಅಪಾಯ ಸಣ್ಣದು, ಹೆದರುವ ಕಾರಣವಿಲ್ಲ. ಲಕ್ಷಾಂತರ ಮಂದಿಗೆ ಮಾತ್ರೆ ಹಂಚುವ ಸರ್ಕಾರದ ಕಡೆಯಿಂದ ನೋಡಿದರೆ ಅದೇ ಸಣ್ಣ ಅಪಾಯ ನೂರಾರು, ಸಾವಿರಾರು ಹೆಂಗಸರ ಲೆಕ್ಕವಾಗುತ್ತದೆ.

ವಯಸ್ಸು 35 ದಾಟಿದವರು, ಮೈತೂಕ ಹೆಚ್ಚಿರುವವರು, ತಾಯಿತಂದೆಗೆ ಅಧಿಕ ರಕ್ತದೊತ್ತಡ (ಬೀಪಿ) ಇರುವವರು, ಹಿಂದಿನ ಬಸಿರಿನಲ್ಲಿ ಬೀಪಿ ಏರಿದ್ದವರು, ಮೂತ್ರಪಿಂಡದ ಕಾಯಿಲೆ ಅಥವಾ ಸಕ್ಕರೆ ಕಾಯಿಲೆ ಇರುವವರು ಹೆಚ್ಚು ಎಚ್ಚರದಿಂದಿರಬೇಕು. ಏರಿಕೆ ಸಾಮಾನ್ಯವಾಗಿ ಮೊದಲ ಕೆಲವು ತಿಂಗಳಲ್ಲಿ ಕಾಣಿಸಿಕೊಳ್ಳುತ್ತದೆ. ಕೆಲವರಲ್ಲಿ ನಿಧಾನವಾಗಿಯೂ ಬರಬಹುದು. ಮಾತ್ರೆ ನಿಲ್ಲಿಸಿದ ಮೇಲೆ ಸುಮಾರು ಮೂರು ತಿಂಗಳೊಳಗೆ ಬಹುತೇಕರ ಒತ್ತಡ ಹಳೆಯ ಮಟ್ಟಕ್ಕೆ ಇಳಿಯುತ್ತದೆ. ಇಳಿಯದಿದ್ದರೆ ಬೇರೆ ಕಾರಣ ಹುಡುಕಬೇಕು.

ರಕ್ತದೊತ್ತಡದ ಅಂಕಕ್ಕಿಂತ ಅದರ ಹಿಂದೆ ಬರಬಹುದಾದ ಲಕ್ವ ಮತ್ತು ಹೃದಯಾಘಾತಗಳೇ ನಿಜವಾದ ಕಾಳಜಿ. ಡೆನ್ಮಾರ್ಕಿನಲ್ಲಿ 16 ಲಕ್ಷಕ್ಕೂ ಹೆಚ್ಚು ಹೆಂಗಸರ 15 ವರ್ಷಗಳ ದಾಖಲೆ ಆಧರಿಸಿ 2012ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, 30ರಿಂದ 40 ಮೈಕ್ರೋಗ್ರಾಂ ಎಥಿನೈಲ್ ಎಸ್ಟ್ರಡಿಯಾಲ್ ಇರುವ ಮಾತ್ರೆಗಳಿಂದ ಈ ಎರಡರ ಅಪಾಯ 1.3ರಿಂದ 2.3 ಪಟ್ಟಾಗುತ್ತದೆ. 20 ಮೈಕ್ರೋಗ್ರಾಂ ಮಾತ್ರೆಗಳಲ್ಲಿ ಅದು 0.9ರಿಂದ 1.7 ಪಟ್ಟು. ಹರೆಯದಲ್ಲಿ ಲಕ್ವ ಬಹಳ ಅಪರೂಪವಾದ್ದರಿಂದ ಅಪರೂಪದ ದುಪ್ಪಟ್ಟೂ ಅಪರೂಪವೇ. ಆದರೆ ಮೊದಲೇ ಬೀಪಿ ಇದ್ದವರು, ಧೂಮಪಾನ ಮಾಡುವವರು, ಕಣ್ಣ ಮುಂದೆ ಮಿಂಚುಗೆರೆ ಕಂಡು ಬರುವ ಅರೆತಲೆನೋವಿನವರು ಇದೇ ಮಾತ್ರೆ ನುಂಗಿದರೆ ಆ ಸಮಾಧಾನ ಉಳಿಯುವುದಿಲ್ಲ.

ವಿಧಾನದಿಂದ ವಿಧಾನಕ್ಕೆ ವ್ಯತ್ಯಾಸ

ಪ್ರೊಜೆಸ್ಟಿನ್ ಮಾತ್ರವಿರುವ ಮಾತ್ರೆ, ಕಡ್ಡಿ, ಹಾರ್ಮೋನ್ ವಂಕಿಗಳಿಂದ ರಕ್ತದೊತ್ತಡ ಗಮನಾರ್ಹವಾಗಿ ಏರುವುದು ಕಂಡುಬಂದಿಲ್ಲ. ಅವುಗಳಲ್ಲಿ ಯಕೃತ್ತನ್ನು ಕೆರಳಿಸುವ ಎಥಿನೈಲ್ ಎಸ್ಟ್ರಡಿಯಾಲ್ ಇಲ್ಲದಿರುವುದೇ ಇದಕ್ಕೆ ಮುಖ್ಯ ಕಾರಣ. ಮೂರು ತಿಂಗಳ ಚುಚ್ಚುಮದ್ದೂ ಬೀಪಿಯನ್ನು ನೇರವಾಗಿ ಏರಿಸುವುದು ಕಡಿಮೆ. ಆದರೆ ಕೆಲವರಲ್ಲಿ ತೂಕ ಹೆಚ್ಚುತ್ತದೆ, ಒಳ್ಳೆಯ ಕೊಲೆಸ್ಟರಾಲ್ ತಗ್ಗುತ್ತದೆ, ಒಮ್ಮೆ ಕೊಟ್ಟ ಮದ್ದನ್ನು ಹಿಂದಕ್ಕೆ ತೆಗೆಯಲಾಗದು. ಆದ್ದರಿಂದ ಬೀಪಿ ತೀವ್ರವಾಗಿರುವವರಿಗೆ ಅದನ್ನು ಕೊಡಲು ವೈದ್ಯರು ಹಿಂಜರಿಯುತ್ತಾರೆ.

ಡ್ರಾಸ್ಪಿರೆನೋನ್ ಎಂಬ ಪ್ರೊಜೆಸ್ಟಿನಿನದು ವಿಶೇಷ ಸ್ವಭಾವ. ಅದು ಬೀಪಿ ಮತ್ತು ಹೃದಯದ ಕಾಯಿಲೆಗಳಲ್ಲಿ ಕೊಡುವ ಸ್ಪೈರೊನೊಲ್ಯಾಕ್ಟೋನಿನ ಬಂಧು. ಮೈಯ ಸ್ವಂತ ಪ್ರೊಜೆಸ್ಟರಾನಿನಂತೆ ಆಲ್ಡೊಸ್ಟಿರಾನಿಗೆ ಅಡ್ಡ ನಿಂತು ಉಪ್ಪನ್ನು ಹೊರಹಾಕುತ್ತದೆ. ಅದರ 3 ಮಿಲಿಗ್ರಾಂ ಸುಮಾರು 25 ಮಿಲಿಗ್ರಾಂ ಸ್ಪೈರೊನೊಲ್ಯಾಕ್ಟೋನಿಗೆ ಸಮ. ಹೀಗಾಗಿ ಈ ಬಗೆಯ ಜೋಡಿ ಮಾತ್ರೆಗಳಲ್ಲಿ ಒತ್ತಡದ ಏರಿಕೆ ಕಡಿಮೆ. ಅದೇ ಗುಣದಿಂದ ರಕ್ತದ ಪೊಟ್ಯಾಷಿಯಂ ಏರಬಹುದು. ಮೂತ್ರಪಿಂಡ ಸೋತವರು ಇದನ್ನು ಬಳಸಬಾರದು. ಪೊಟ್ಯಾಷಿಯಂ ಏರಿಸುವ ಬೀಪಿ ಔಷಧಿಗಳನ್ನೂ ನೋವಿನ ಮಾತ್ರೆಗಳನ್ನೂ ನಿತ್ಯ ತೆಗೆದುಕೊಳ್ಳುವವರು ವೈದ್ಯರ ಗಮನಕ್ಕೆ ತರಬೇಕು. ಎಥಿನೈಲ್ ಎಸ್ಟ್ರಡಿಯಾಲಿನ ಬದಲು ಸಹಜ ಎಸ್ಟ್ರಡಿಯಾಲ್ ಅಥವಾ ಎಸ್ಟೆಟ್ರಾಲ್ ಬಳಸುವ ಹೊಸ ಮಾತ್ರೆಗಳು ಯಕೃತ್ತಿನ ಮೇಲಿನ ಹೊರೆಯನ್ನು ಇಳಿಸುವ ದಾರಿಯಲ್ಲಿ ಬಂದವು.

ತುರ್ತು ಗರ್ಭನಿರೋಧಕ ಮಾತ್ರೆಯಲ್ಲಿ 1.5 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್ ಇರುತ್ತದೆ. ಒಮ್ಮೆ ನುಂಗುವ ಈ ಮಾತ್ರೆಯನ್ನು ಬೀಪಿಯ ಕಾರಣಕ್ಕೆ ನಿರಾಕರಿಸಬೇಕಿಲ್ಲ.

ಯಾರಿಗೆ ಯಾವುದು

ವಿಶ್ವ ಆರೋಗ್ಯ ಸಂಸ್ಥೆ 1996ರಿಂದ ಗರ್ಭನಿರೋಧಕಗಳ ವೈದ್ಯಕೀಯ ಅರ್ಹತೆಯ ಮಾನದಂಡಗಳನ್ನು ಪ್ರಕಟಿಸುತ್ತ ಬಂದಿದೆ. ಒಂದೊಂದು ವಿಧಾನವನ್ನೂ ಒಂದೊಂದು ಕಾಯಿಲೆಯ ಎದುರಿಗಿಟ್ಟು ನಾಲ್ಕು ದರ್ಜೆ ಮಾಡಲಾಗಿದೆ. ಒಂದನೆಯ ದರ್ಜೆಯೆಂದರೆ ಯಾವ ಅಡ್ಡಿಯೂ ಇಲ್ಲ, ಎರಡನೆಯದರಲ್ಲಿ ಲಾಭವೇ ಹೆಚ್ಚು, ಮೂರನೆಯದರಲ್ಲಿ ಅಪಾಯವೇ ಹೆಚ್ಚು, ನಾಲ್ಕನೆಯದರಲ್ಲಿ ಬಳಸಲೇಬಾರದು.

ರಕ್ತದೊತ್ತಡದ ಮೇಲಿನ ಅಂಕ 140ರಿಂದ 159 ಅಥವಾ ಕೆಳಗಿನ ಅಂಕ 90ರಿಂದ 99 ಇದ್ದರೆ ಜೋಡಿ ಮಾತ್ರೆ ಮೂರನೆಯ ದರ್ಜೆಗೆ ಬರುತ್ತದೆ. 160 ಅಥವಾ 100 ಮುಟ್ಟಿದರೆ ನಾಲ್ಕನೆಯ ದರ್ಜೆ. ಔಷಧಿಯಿಂದ ಬೀಪಿ ಹತೋಟಿಯಲ್ಲಿರುವವರಿಗೂ ಜೋಡಿ ಮಾತ್ರೆ ಮೂರನೆಯ ದರ್ಜೆಯದೇ. ಹಿಂದಿನ ಬಸಿರಿನಲ್ಲಿ ಬೀಪಿ ಏರಿ ಈಗ ಸರಿಯಾಗಿದ್ದರೆ ಎರಡನೆಯ ದರ್ಜೆ. 35 ದಾಟಿ ದಿನಕ್ಕೆ 15 ಅಥವಾ ಹೆಚ್ಚು ಸಿಗರೇಟು ಸೇದುವವರಿಗೆ ಬೀಪಿ ಇಲ್ಲದಿದ್ದರೂ ನಾಲ್ಕನೆಯ ದರ್ಜೆ.

ಪ್ರೊಜೆಸ್ಟಿನ್ ಮಾತ್ರೆ ಮತ್ತು ಕಡ್ಡಿಗಳ ಮಟ್ಟಿಗೆ ಈ ಗೆರೆಗಳು ಸಡಿಲ: 159ರವರೆಗೆ ಒಂದನೆಯ ದರ್ಜೆ, ಅದಕ್ಕೆ ಮೇಲೆ ಎರಡನೆಯದು. ಚುಚ್ಚುಮದ್ದಿಗೆ ಅನುಕ್ರಮವಾಗಿ ಎರಡು ಮತ್ತು ಮೂರು. ಕಾಪರ್-ಟಿಗೆ ಬೀಪಿ ಎಷ್ಟೇ ಇರಲಿ ಒಂದನೆಯ ದರ್ಜೆ. ಮೊಲೆಯೂಡಿಸುವ ಬಾಣಂತಿಗೆ ಮೊದಲ ಆರು ವಾರ ಜೋಡಿ ಮಾತ್ರೆ ಕೂಡದು. ಆರು ತಿಂಗಳವರೆಗೂ ಅದು ಮೂರನೆಯ ದರ್ಜೆಯಲ್ಲೇ ಇರುತ್ತದೆ.

ಬೀಪಿ ಇರುವ ಹೆಂಗಸಿಗೆ ಗರ್ಭನಿರೋಧಕ ಬೇಡವೆಂದು ಈ ಪಟ್ಟಿ ಎಲ್ಲಿಯೂ ಹೇಳುವುದಿಲ್ಲ. ಬೀಪಿ ಇದ್ದಾಗ ನಿಲ್ಲುವ ಬಸಿರು ಮಾತ್ರೆಗಿಂತ ಎಷ್ಟೋ ಪಾಲು ಅಪಾಯದ್ದು. ಬೀಪಿಗೆ ಕೊಡುವ ಕೆಲವು ಸಾಮಾನ್ಯ ಔಷಧಿಗಳು ಹೊಟ್ಟೆಯಲ್ಲಿರುವ ಕೂಸಿಗೆ ಹಾನಿ ಮಾಡುತ್ತವೆ. ಆದ್ದರಿಂದ ಬೀಪಿ ಇರುವವರಿಗೇ ನಂಬಿಗಸ್ತ ಗರ್ಭನಿರೋಧಕ ಹೆಚ್ಚು ಬೇಕು. ಈಸ್ಟ್ರೋಜನ್ ಇಲ್ಲದ, ತಮ್ಮ ಅಂಕಕ್ಕೆ ಒಂದನೆಯ ಇಲ್ಲವೇ ಎರಡನೆಯ ದರ್ಜೆಗೆ ಬರುವ ವಿಧಾನವನ್ನು ಆರಿಸಿಕೊಂಡರೆ ಸಾಕು.

ಮದ್ದೂರು, ಮಳವಳ್ಳಿ ಸೀಮೆಯಲ್ಲಿ

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ, ಮದ್ದೂರಿಗೆ ಅಂಟಿಕೊಂಡಿರುವ ಶಿವಪುರ 1938ರ ಧ್ವಜ ಸತ್ಯಾಗ್ರಹದಿಂದ ನಾಡಿಗೆಲ್ಲ ಪರಿಚಿತ. ಇಲ್ಲಿನ ಹೆಣ್ಣುಮಗಳೊಬ್ಬಳಿಗೆ ಇಂದು ಮಾತ್ರೆ ಮೂರು ಬಾಗಿಲುಗಳಿಂದ ಬರಬಹುದು: ಆಶಾ ಕಾರ್ಯಕರ್ತೆ, ಸರ್ಕಾರಿ ಆಸ್ಪತ್ರೆ, ಔಷಧಿ ಅಂಗಡಿ. 2011ರ ಯೋಜನೆಯಂತೆ ಆಶಾ ಕಾರ್ಯಕರ್ತೆಯರು ಮನೆ ಬಾಗಿಲಿಗೆ ಬಂದು ಒಂದು ಪಟ್ಟಿ ಮಾತ್ರೆಯನ್ನು ಒಂದು ರೂಪಾಯಿಗೆ ಕೊಡಬಹುದು. ಗಂಡನನ್ನೋ ಅತ್ತೆಯನ್ನೋ ಕೇಳಿ ಆಸ್ಪತ್ರೆಗೆ ಹೋಗಲಾಗದವರಿಗೆ ಇದು ದೊಡ್ಡ ಅನುಕೂಲ. ತೊಡಕಿನ ಪ್ರಕರಣಗಳನ್ನು ನೋಡಲು ಜಿಲ್ಲೆಯಲ್ಲೇ ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯೂ, ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿ ವೈದ್ಯಕೀಯ ಸಂಸ್ಥೆಯೂ ಇವೆ.

ಕರ್ನಾಟಕದಲ್ಲಿ ಮಾತ್ರೆ ಬಳಸುವವರು ಕಡಿಮೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ವಿವಾಹಿತ ಹೆಂಗಸರಲ್ಲಿ ಶೇ. 57ರಷ್ಟು ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಹೆರಿಗೆಯ ಸರಾಸರಿ ಪ್ರಮಾಣ ಒಬ್ಬ ಹೆಂಗಸಿಗೆ 1.7 ಮಕ್ಕಳು. ಬೇಗ ಮದುವೆ, ಬೆನ್ನುಬೆನ್ನಿಗೆ ಎರಡು ಹೆರಿಗೆ, ಆಮೇಲೆ ‘ಆಪರೇಷನ್’ ಎಂಬುದು ಈ ಸೀಮೆಯ ಎಷ್ಟೋ ಮನೆಗಳ ದಾರಿ. ಮದುವೆಯಾಗಿ ಮೊದಲ ಮಗು ತಡವಾಗಲಿ ಎನ್ನುವವರು, ಎರಡು ಮಕ್ಕಳ ನಡುವೆ ಅಂತರ ಬಯಸುವವರು, ಗಾರ್ಮೆಂಟ್ಸ್ ಕೆಲಸಕ್ಕೆ ಬೆಳಗಾಗುತ್ತಲೇ ಬಸ್ಸು ಹತ್ತುವವರು ಮಾತ್ರೆಯತ್ತ ಬರುತ್ತಾರೆ. ಇನ್ನೂ ಒಂದು ಗುಂಪಿದೆ. ಮುಟ್ಟು ಸರಿಯಾಗದ, ಪಿ.ಸಿ.ಓ.ಡಿ. ಎಂಬ ಅಂಡಾಶಯದ ತೊಂದರೆ ಇರುವ ಹುಡುಗಿಯರಿಗೆ ವೈದ್ಯರು ಇದೇ ಜೋಡಿ ಮಾತ್ರೆಗಳನ್ನು ಬರೆದುಕೊಡುತ್ತಾರೆ. ಇವರಲ್ಲಿ ಹಲವರ ಮೈತೂಕ ಹೆಚ್ಚು, ಬೀಪಿಯತ್ತ ವಾಲುವ ಮೈಕಟ್ಟು. ‘ಮುಟ್ಟಿನ ಮಾತ್ರೆ’ ಎಂದುಕೊಂಡು ನುಂಗುವ ಅವರಿಗೂ ಮನೆಯವರಿಗೂ ಅದು ಗರ್ಭನಿರೋಧಕವೂ ಹೌದೆಂದು ಎಷ್ಟೋ ಸಲ ತಿಳಿದಿರುವುದಿಲ್ಲ.

ಈ ಹೆಣ್ಣುಮಕ್ಕಳ ತೋಳಿಗೆ ಪಟ್ಟಿ ಬೀಳುವುದು ಯಾವಾಗ? ಬಸುರಾದರೆ ತಪಾಸಣೆಯ ಪ್ರತಿ ಸಲವೂ ಬೀಪಿ ಅಳೆದು ತಾಯಿ ಕಾರ್ಡಿನಲ್ಲಿ ಬರೆಯುತ್ತಾರೆ. ಅಸಾಂಕ್ರಾಮಿಕ ರೋಗಗಳ ಸರ್ಕಾರಿ ತಪಾಸಣೆ 30 ವರ್ಷ ದಾಟಿದವರನ್ನು ಮನೆಮನೆಯಲ್ಲಿ ಹುಡುಕುತ್ತದೆ. ಇವೆರಡರ ನಡುವೆ ಬಸುರಿಯಲ್ಲದ, 30 ಆಗದ, ಮಾತ್ರೆ ನುಂಗುವ ಹೆಣ್ಣುಮಗಳು ನಿಂತಿದ್ದಾಳೆ. ಮಾತ್ರೆಯ ಕಾರಣಕ್ಕೆ ಬೀಪಿ ನೋಡಿಸಬೇಕಾದವಳು ಇವಳೇ. ಎರಡೂ ಕಾರ್ಯಕ್ರಮಗಳ ಬಲೆ ಇವಳನ್ನು ದಾಟಿ ಹೋಗುತ್ತದೆ. ಅಂಗಡಿಯಿಂದ ಗಂಡ ತಂದುಕೊಟ್ಟ ಪಟ್ಟಿಯಾದರೆ ಕೇಳುವವರೂ ಇಲ್ಲ.

ಕೈಯಳತೆಯಲ್ಲೇ ಇರುವ ಉಪಾಯ ತಾಯಿ ಕಾರ್ಡು. ಬಸಿರಿನ ಕೊನೆಯ ತಿಂಗಳುಗಳಲ್ಲಿ ಬೀಪಿ ಏರಿತ್ತೇ, ಗರ್ಭನಂಜು ಕಾಣಿಸಿಕೊಂಡಿತ್ತೇ ಎಂಬುದು ಅದರಲ್ಲಿ ದಾಖಲಾಗಿರುತ್ತದೆ. ಹೆರಿಗೆಯ ನಂತರ ಬೀರುವಿನಲ್ಲಿ ಸೇರುವ ಆ ಕಾರ್ಡನ್ನು ಮಾತ್ರೆ ಕೇಳುವ ದಿನ ಮತ್ತೆ ತೆಗೆದು ತೋರಿಸಿದರೆ ಅಪಾಯವಿರುವವರನ್ನು ಗುರುತಿಸುವ ಅರ್ಧ ಕೆಲಸ ಮುಗಿದಂತೆ.

ಊಟದ ಮಾತೂ ಇಲ್ಲಿ ಬರಬೇಕು. ಮುದ್ದೆಯ ಜೊತೆಗಿನ ಉಪ್ಸಾರು, ಬಸ್ಸಾರುಗಳು ಸೊಪ್ಪು, ಕಾಳುಗಳಿಂದ ಕೂಡಿದ ಒಳ್ಳೆಯ ಆಹಾರ. ಅವಕ್ಕೆ ಕಲಸುವ ಉಪ್ಪುಖಾರ, ನಂಚಿಕೊಳ್ಳುವ ಉಪ್ಪಿನಕಾಯಿ, ಹಪ್ಪಳಗಳಿಂದ ಉಪ್ಪು ದಿನಕ್ಕೆ 5 ಗ್ರಾಮಿನ ಮಿತಿಯನ್ನು ಸುಲಭವಾಗಿ ದಾಟುತ್ತದೆ. ಮಾತ್ರೆ ಉಪ್ಪನ್ನು ಹಿಡಿದಿಡುವ ಸರಪಳಿಯನ್ನೇ ಚುರುಕುಗೊಳಿಸುವುದರಿಂದ ಈ ಎರಡೂ ಒಂದಕ್ಕೊಂದು ಇಂಬಾಗುತ್ತವೆ. ಎಲೆಅಡಿಕೆಯ ಜೊತೆ ಹಾಕುವ ಹೊಗೆಸೊಪ್ಪು ಬೀಪಿಯನ್ನು ಆ ಹೊತ್ತಿಗೆ ಏರಿಸುತ್ತದೆ. ಕೆಮ್ಮಿಗೆಂದು ಅತಿಮಧುರವನ್ನು ದಿನಗಟ್ಟಲೆ ಹೆಚ್ಚಾಗಿ ಅಗಿದರೂ ಮೈಯಲ್ಲಿ ಉಪ್ಪುನೀರು ನಿಂತು ಒತ್ತಡ ಏರುತ್ತದೆ.

ಮುಟ್ಟು ಮುಂದೂಡುವ ಮಾತ್ರೆ

ಹಬ್ಬ, ಮದುವೆ, ಗೃಹಪ್ರವೇಶ, ಮಾದಪ್ಪನ ಬೆಟ್ಟದ ಯಾತ್ರೆ ಎಂದರೆ ‘ಡೇಟ್ ಮುಂದಕ್ಕೆ ಹಾಕುವ ಮಾತ್ರೆ’ಗೆ ಔಷಧಿ ಅಂಗಡಿಗೆ ಹೋಗುವುದು ಇಲ್ಲಿ ವಾಡಿಕೆ. ಇದು ಸಾಮಾನ್ಯವಾಗಿ 5 ಮಿಲಿಗ್ರಾಮಿನ ನಾರೆಥಿಸ್ಟೆರಾನ್, ದಿನಕ್ಕೆ ಮೂರು ಸಲ. ಹೆಸರಿಗೆ ಪ್ರೊಜೆಸ್ಟಿನ್ ಆದರೂ ಅದರ ಸಣ್ಣ ಭಾಗ ಮೈಯೊಳಗೆ ಎಥಿನೈಲ್ ಎಸ್ಟ್ರಡಿಯಾಲ್ ಆಗಿ ಮಾರ್ಪಡುತ್ತದೆ. ದಿನಕ್ಕೆ 10ರಿಂದ 20 ಮಿಲಿಗ್ರಾಂ ಸೇವಿಸಿದರೆ 20ರಿಂದ 30 ಮೈಕ್ರೋಗ್ರಾಮಿನ ಜೋಡಿ ಮಾತ್ರೆ ನುಂಗಿದಷ್ಟಕ್ಕೆ ಹತ್ತಿರವಾಗುತ್ತದೆ ಎಂಬುದು ಅಂದಾಜು. ಆರೋಗ್ಯವಂತರಿಗೆ ಕೆಲವು ದಿನಗಳ ಬಳಕೆಯಿಂದ ಸಾಮಾನ್ಯವಾಗಿ ತೊಂದರೆಯಿಲ್ಲ. ಬೀಪಿ ಇರುವವರು, ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದವರು, ಮಿಂಚುಗೆರೆಯ ಅರೆತಲೆನೋವಿನವರು ವೈದ್ಯರನ್ನು ಕೇಳದೆ ಇದನ್ನು ನುಂಗಬಾರದು. ಜೋಡಿ ಮಾತ್ರೆಗೆ ಅನ್ವಯಿಸುವ ಎಚ್ಚರವೇ ಇದಕ್ಕೂ ಸಲ್ಲುತ್ತದೆ.

ಅಳತೆ ಮತ್ತು ಮುಂದಿನ ಹೆಜ್ಜೆ

ಬೀಪಿ ಅಳೆಯುವ ಮೊದಲು ಐದು ನಿಮಿಷ ಸುಮ್ಮನೆ ಕುಳಿತಿರಬೇಕು. ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ, ತೋಳು ಎದೆಯ ಮಟ್ಟದಲ್ಲಿ ಇರಬೇಕು. ಹಿಂದಿನ ಅರ್ಧ ಗಂಟೆಯಲ್ಲಿ ಕಾಫಿ, ಟೀ, ಹೊಗೆಸೊಪ್ಪು ಆಗಿರಬಾರದು. ಪಟ್ಟಿ ತೋಳಿನ ಗಾತ್ರಕ್ಕೆ ಹೊಂದಬೇಕು. ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೆ ಅಂಕ ಸುಳ್ಳಾಗಿ ಹೆಚ್ಚು ತೋರುತ್ತದೆ. ಒಂದೇ ಅಳತೆಯಿಂದ ಬೀಪಿ ಇದೆಯೆಂದು ತೀರ್ಮಾನಿಸುವುದಿಲ್ಲ. ಬೇರೆ ದಿನ ಮತ್ತೆ ಅಳೆದಾಗಲೂ 140 ಅಥವಾ 90 ಮುಟ್ಟಿದ್ದರೆ ಮಾತ್ರ ಖಚಿತ.

ಜೋಡಿ ಮಾತ್ರೆ ಆರಂಭಿಸುವ ಮೊದಲು ಒಮ್ಮೆ, ಮೂರು ತಿಂಗಳ ಬಳಿಕ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಅಳೆಯುವುದು ಒಳ್ಳೆಯ ಕ್ರಮ. ಅಳೆಯುವ ಯಂತ್ರ ಸಿಗದ ಕಡೆ, ಬಸಿರಿನ ಅಪಾಯವೇ ದೊಡ್ಡದಾಗಿರುವಲ್ಲಿ, ಅದೊಂದೇ ನೆಪದಿಂದ ಮಾತ್ರೆ ನಿರಾಕರಿಸಬಾರದು ಎಂದೂ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೀಪಿ ಯಂತ್ರ ಆರೋಗ್ಯ ಕೇಂದ್ರದಲ್ಲೇ ಇರುವ ಮದ್ದೂರು, ಮಳವಳ್ಳಿಯಂತಹ ತಾಲ್ಲೂಕುಗಳಲ್ಲಿ ಆ ವಿನಾಯಿತಿಯ ಅಗತ್ಯ ಬೀಳಬಾರದು.

ಅಂಕ ಏರಿದ್ದು ಖಚಿತವಾದರೆ ಜೋಡಿ ಮಾತ್ರೆ ನಿಲ್ಲಿಸಿ, ಅದೇ ದಿನ ಬೇರೆ ವಿಧಾನ ಕೈಗೆ ಬರುವಂತೆ ನೋಡಿಕೊಳ್ಳಬೇಕು. ಕಾಪರ್-ಟಿ, ಪ್ರೊಜೆಸ್ಟಿನ್ ವಿಧಾನ, ನಿರೋಧ್ ಯಾವುದಾದರೂ ಆಗಬಹುದು. ಮಕ್ಕಳು ಸಾಕೆಂದವರ ಗಂಡಂದಿರಿಗೆ ಸಣ್ಣ ಶಸ್ತ್ರಚಿಕಿತ್ಸೆಯ ದಾರಿಯೂ ಇದೆ. ಸಹಿಸಲಾಗದ ತಲೆನೋವು, ಕಣ್ಣು ಮಂಜಾಗುವುದು, ಮಾತು ತೊದಲುವುದು, ಮುಖ ಅಥವಾ ಕೈಕಾಲಿನ ಒಂದು ಬದಿ ಸೋಲುವುದು, ಎದೆನೋವು, ಒಂದೇ ಕಾಲು ಊದಿ ನೋಯುವುದು ಕಂಡರೆ ಮಾತ್ರೆ ನಿಲ್ಲಿಸಿ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಅಧಿಕ ರಕ್ತದೊತ್ತಡ ಹರೆಯದಲ್ಲಿ ನೋಯುವುದಿಲ್ಲ, ಸದ್ದು ಮಾಡುವುದಿಲ್ಲ. ಮಾತ್ರೆಯಿಂದ ಬಂದದ್ದಾದರೆ ನಿಲ್ಲಿಸಿದಾಗ ಬಹುತೇಕ ಇಳಿದೂ ಹೋಗುತ್ತದೆ. ಇಷ್ಟು ಸುಲಭವಾಗಿ ಸರಿಪಡಿಸಬಹುದಾದ ತೊಂದರೆಯೊಂದು ಲಕ್ವದವರೆಗೆ ಬೆಳೆಯಲು ಇರುವ ಕಾರಣ ಯಾರೂ ಅಳೆಯದಿರುವುದು ಮಾತ್ರ. ಒಂದು ರೂಪಾಯಿಯ ಮಾತ್ರೆ ಮನೆ ಬಾಗಿಲಿಗೆ ಬರುವ ನಾಡಿನಲ್ಲಿ ಆ ಪಟ್ಟಿಯ ಜೊತೆಗೆ ತೋಳಿಗೆ ಕಟ್ಟುವ ಪಟ್ಟಿಯೂ ಬರಬೇಕು.